ಒಂದೇ ಜಾಬ್ ಎರಡೆರಡು ಸಲ ಓಡುತ್ತಿದೆಯಾ?

ಕೆಲಸಗಳನ್ನು (ಜಾಬ್) ಸಾಲಿನಲ್ಲಿಟ್ಟು ಹಂಚುವ ಸರ್ವರ್ ಬೀನ್‌ಸ್ಟಾಕ್‌ಡಿ ಬಳಸುತ್ತಿದ್ದೇವೆ. ಒಂದೇ ಮೇಲ್ ಎರಡು ಸಲ ಹೋಗುತ್ತಿದೆ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ ಇರುತ್ತದೆ. ಸರ್ವರ್‌ನಲ್ಲೇ ಬಗ್ ಇದೆಯಾ?

ಇಲ್ಲ. ನಿಮ್ಮ ಟಿಟಿಆರ್, ಅಂದರೆ ಜಾಬ್ ಮುಗಿಸಲು ಕೊಟ್ಟ ಗಡುವು, ಸಾಲುತ್ತಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಜಾಬನ್ನು ಸಾಲಿಗೆ ಹಾಕುವಾಗ (ಪುಟ್) 60 ಸೆಕೆಂಡ್ ಕೊಟ್ಟು, ಕೆಲಸ 90 ಸೆಕೆಂಡ್ ಹಿಡಿದರೆ ಇನ್ನೇನಾಗುತ್ತದೆ? ಅರವತ್ತು ಮುಗಿದ ಕೂಡಲೇ ಸರ್ವರ್ ಆ ಜಾಬನ್ನು ವಾಪಸ್ ರೆಡಿ ಸಾಲಿಗೆ ಹಾಕುತ್ತದೆ. ಇನ್ನೊಂದು ವರ್ಕರ್ (ಜಾಬ್ ಮಾಡುವ ಪ್ರೋಗ್ರಾಂ) ಎತ್ತಿಕೊಳ್ಳುತ್ತದೆ. ಮೊದಲನೆಯದು ನಿಧಾನಕ್ಕೆ ಮೇಲ್ ಕಳಿಸಿ ಡಿಲೀಟ್ ಅಂದರೆ ‘ನಾಟ್ ಫೌಂಡ್’ ಅಂತ ಉತ್ತರ. ಆ ಸಾಲು ನಿಮ್ಮ ಲಾಗ್‌ನಲ್ಲೇ ಬಿದ್ದಿರಬಹುದು, ತೆರೆದು ನೋಡಿದ್ದೀರಾ?

ಟೆಲ್ನೆಟ್‌ನಲ್ಲಿ 11300 ಪೋರ್ಟ್‌ಗೆ ಹೋಗಿ ‘ಸ್ಟ್ಯಾಟ್ಸ್-ಜಾಬ್’ ಜೊತೆಗೆ ಜಾಬ್ ನಂಬರ್ ಕೊಡಿ. ರಿಲೀಸಸ್ 0, ಟೈಮ್‌ಔಟ್ಸ್ 3 ಅಂತ ಕಂಡರೆ ಯಾರೂ ಜಾಬ್ ವಾಪಸ್ ಕೊಟ್ಟಿಲ್ಲ, ಮೂರು ಸಲ ಹೊತ್ತು ಮೀರಿದೆ ಅಂತ ಅರ್ಥ. ಜಾಬ್ ಆಗಲೇ ಡಿಲೀಟ್ ಆಗಿದ್ದರೆ ಬರೀ ‘ಸ್ಟ್ಯಾಟ್ಸ್’ ಅನ್ನಿ, ಜಾಬ್-ಟೈಮ್‌ಔಟ್ಸ್ ಏರುತ್ತಿದೆಯಾ ನೋಡಿ.

ಟಿಟಿಆರ್ ಜಾಸ್ತಿ ಮಾಡಿ. ಕೆಲಸ ಎಷ್ಟು ಹೊತ್ತು ಹಿಡಿಯುತ್ತದೋ ಗೊತ್ತಿಲ್ಲದಿದ್ದರೆ ವರ್ಕರ್ ನಡುನಡುವೆ ‘ಟಚ್’ ಕಳಿಸಿ ಗಡುವನ್ನು ಹೊಸದಾಗಿ ಶುರು ಮಾಡಿಸಲಿ. ವರ್ಕರ್ರೇ ಕಳಿಸಬೇಕು. ನೀವು ಟರ್ಮಿನಲ್‌ನಲ್ಲಿ ಕೂತು ಟಚ್ ಒತ್ತಿದರೆ ಏನೂ ಆಗಲ್ಲ, ಜಾಬನ್ನು ಎತ್ತಿಕೊಂಡ (ರಿಸರ್ವ್ ಮಾಡಿದ) ಕನೆಕ್ಷನ್‌ಗೆ ಮಾತ್ರ ಆ ಹಕ್ಕು.

ಇನ್ನು ರೀಸ್ಟಾರ್ಟ್ ಮದ್ದು. ಯಾರು ಹೇಳಿಕೊಟ್ಟರೋ! ಸರ್ವರ್ ಶುರು ಮಾಡುವಾಗ ಮೈನಸ್ ಬಿ (-b) ಕೊಟ್ಟು ಬಿನ್‌ಲಾಗ್, ಅಂದರೆ ಡಿಸ್ಕ್‌ನಲ್ಲಿ ಜಾಬ್‌ಗಳ ದಾಖಲೆ, ಇಡದಿದ್ದರೆ ಎಲ್ಲ ಜಾಬ್ ಮೆಮೊರಿಯಲ್ಲೇ ಇರುತ್ತವೆ. ರೀಸ್ಟಾರ್ಟ್ ಮಾಡಿದಿರೋ, ಅಷ್ಟೂ ಹೋಯ್ತು. ನಿಮಗೆ ‘ಸರಿ’ ಕಂಡದ್ದು ಕ್ಯೂ ಖಾಲಿಯಾಗಿದ್ದಕ್ಕೆ ಇರಬೇಕು. ಒಂದು ರಾತ್ರಿ ನಾನೂ ಇದೇ ತಪ್ಪು ಮಾಡಿದ್ದೇನೆ. ಅಂದಿನಿಂದ ಸ್ಟ್ಯಾಟ್ಸ್ ನೋಡದೆ ಸರ್ವರ್ ಮುಟ್ಟಲ್ಲ.

ಬರೀಡ್ (ಪಕ್ಕಕ್ಕೆ ಎತ್ತಿಟ್ಟ) ಜಾಬ್‌ಗಳನ್ನೆಲ್ಲ ಒಟ್ಟಿಗೆ ಕಿಕ್ ಮಾಡಬಹುದಾ, ಅಂದರೆ ವಾಪಸ್ ರೆಡಿ ಸಾಲಿಗೆ ತಳ್ಳಬಹುದಾ?

ಮೊದಲು ‘ಯೂಸ್’ ಅಂತ ಸರಿಯಾದ ಟ್ಯೂಬ್‌ಗೆ (ಹೆಸರಿಟ್ಟ ಸಾಲು) ಹೋಗಿ, ‘ಪೀಕ್-ಬರೀಡ್’ ಮಾಡಿ ಓದಿ, ಆಮೇಲೆ ‘ಕಿಕ್ 1’. ಒಂದೇ ಒಂದು.

ಪ್ರಯಾರಿಟಿ 1000 ಕೊಟ್ಟರೂ ಜಾಬ್ ಹಿಂದೆ ಬೀಳುತ್ತದಲ್ಲ?

ಸೊನ್ನೆಯೇ ಎಲ್ಲಕ್ಕಿಂತ ತುರ್ತು, ನಂಬರ್ ದೊಡ್ಡದಾದಷ್ಟೂ ಜಾಬ್ ಹಿಂದೆ.

ಪಾಸ್‌ವರ್ಡ್ ಎಲ್ಲಿ ಹಾಕುವುದು?

ಎಲ್ಲೂ ಇಲ್ಲ. ಆ ಪೋರ್ಟನ್ನು ಹೊರಗಿನ ಇಂಟರ್ನೆಟ್‌ಗೆ ತೆರೆದಿಟ್ಟಿದ್ದರೆ ಓದುವುದು ಬಿಟ್ಟು ಈಗಲೇ ಮುಚ್ಚಿ ಬನ್ನಿ.