ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನಾರ್ಮಲ್ ಅದ, ಆದ್ರೂ ಹಾರ್ಟಿನ ಚಿಂತಿ ಯಾಕ?

ಪ್ರಶ್ನೆ: ಡಾಕ್ಟ್ರೇ, ನನಗ 42 ವಯಸ್ಸು, ಊರು ಆಳಂದ. ರಕ್ತದ ಟೆಸ್ಟಿನಾಗ ಎಲ್‌ಡಿಎಲ್ 98, ಟ್ರೈಗ್ಲಿಸರೈಡ್ (ರಕ್ತದಾಗಿನ ಕೊಬ್ಬು) 240, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 34 ಬಂದದ. ಅಪ್ಪಗ 50ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಅಂಜಬೇಕೇನ್ರಿ?

ಉತ್ತರ: ಅಂಜಬ್ಯಾಡ್ರಿ, ಆದ್ರ ಎಲ್‌ಡಿಎಲ್ ಒಂದೇ ನೋಡಿ ಸುಮ್ನೂ ಕೂಡಬ್ಯಾಡ್ರಿ. ಟ್ರೈಗ್ಲಿಸರೈಡ್ 150ರ ಒಳಗ, ಗಂಡಸರಿಗೆ ಎಚ್‌ಡಿಎಲ್ 40ರ ಮ್ಯಾಲ ಇರಬೇಕು, ನಿಮ್ಮದು ಎರಡೂ ಉಲ್ಟಾ ಅದ, ಹಿಂಗಿದ್ರ ಇನ್ಸುಲಿನ್ ಸರಿ ಕೆಲಸ ಮಾಡವಲ್ದು ಅಂತ ಅನುಮಾನ ಬರ್ತದ, ಎಲ್‌ಡಿಎಲ್ ಕಮ್ಮಿ ಕಂಡ್ರೂ ಅದರ ಸಣ್ಣ ಕಣ ಜಾಸ್ತಿ ಇರಬಹುದು, ಕಣ ಎಷ್ಟವ ಅಂತ ಅಪೊಬಿ ಅನ್ನೋ ರಕ್ತದ ಟೆಸ್ಟ್ ತೋರಿಸ್ತದ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್) ಮಾಡಸ್ರಿ, 5.7 ಮುಟ್ಟಿದ್ರ ಶುಗರ್ ಹೊಸ್ತಿಲಿಗೆ ಬಂದಂಗ. ಸೊಂಟ 90 ಸೆಂಟಿಮೀಟರ್ ಮೀರಬಾರ್ದು. ಅಪ್ಪನ ವಿಷಯ ಕೇಳಿ ನನಗ ಅನಿಸೋದು, ಲೈಪೊಪ್ರೋಟೀನ್-ಎ (ರಕ್ತದಾಗಿನ ಒಂದು ಥರದ ಕೊಲೆಸ್ಟ್ರಾಲ್ ಕಣ) ಒಮ್ಮೆ ನೋಡಸ್ರಿ, ಅದು ವಂಶದಾಗ ಬರ್ತದ. ಜ್ವಾಳದ ರೊಟ್ಟಿ ಇರ್ಲಿ, ಸಕ್ರಿ ಚಹಾ ಕಮ್ಮಿ ಮಾಡ್ರಿ. ನಡೀವಾಗ ಎದಿ ಹಿಡದ್ರ ಮಾತ್ರ ರಿಪೋರ್ಟ್ ದಾರಿ ಕಾಯಬ್ಯಾಡ್ರಿ, ಅವತ್ತೇ ಕಲಬುರಗಿ ಜಯದೇವ ಹೃದಯ ಆಸ್ಪತ್ರಿಗೆ ಬರ್ರಿ.