ಗಿಡದ ವೈರಸ್ ಹೊತ್ತು ತಿರುಗುವ ಕೀಟಕ್ಕೂ ಅದರ ಬಿಸಿ ತಟ್ಟುತ್ತದೆಯೇ?

ಟೊಮೆಟೊಗೆ ಎಲೆ ಮುದುರು ರೋಗ ತರುವ ಬಿಳಿ ನೊಣಕ್ಕೆ ಆ ವೈರಸ್‌ನಿಂದ ಏನೂ ಆಗುವುದಿಲ್ಲವೇ, ಆಗುವುದಾದರೆ ನೊಣವೇ ಸತ್ತು ರೋಗ ನಿಲ್ಲಬೇಕಿತ್ತಲ್ಲ ಎಂದು ಕೇಳಿದ್ದೀರಿ. ಆಗುತ್ತದೆ, ಆದರೆ ನೀವು ಬಯಸುವ ರೀತಿಯಲ್ಲಿ ಅಲ್ಲ.

ನನಗೆ ಈ ವಿಷಯದ ಹುಚ್ಚು ಹಿಡಿಸಿದ್ದು ಇನ್ನೊಂದು ಕೀಟ, ಎಲೆಯ ರಸ ಹೀರುವ ಪುಟ್ಟ ಥ್ರಿಪ್ಸ್. ಟೊಮೆಟೊ ಎಲೆಯನ್ನು ಮಗುಚಿ ಭೂತಗನ್ನಡಿ ಹಿಡಿದರೆ ಕೆರೆದಂತೆ ಬೆಳ್ಳಗಾದ ಗೆರೆಗಳು, ಚುಕ್ಕೆಯಷ್ಟು ಕಪ್ಪು ಹಿಕ್ಕೆ, ನಡುನಡುವೆ ತಿಳಿಹಳದಿ ಮರಿಗಳು ಕಾಣುತ್ತವೆ. ಥ್ರಿಪ್ಸ್ ಹರಡುವ ಟೊಮೆಟೊ ಸ್ಪಾಟೆಡ್ ವಿಲ್ಟ್ ಎಂಬ ಗಿಡದ ವೈರಸ್ ಕೀಟದೊಳಗೆ ಸೇರಬೇಕಾದದ್ದು ಈ ಮರಿಯ ವಯಸ್ಸಿನಲ್ಲೇ. ರೆಕ್ಕೆ ಬಂದ ಮೇಲೆ ರೋಗದ ಗಿಡವನ್ನು ಎಷ್ಟು ಹೀರಿದರೂ ಥ್ರಿಪ್ಸ್ ಹೊಸದಾಗಿ ವಾಹಕವಾಗುವುದಿಲ್ಲ. ಮರಿಯ ಹೊಟ್ಟೆ ಸೇರಿದ ವೈರಸ್ ಕರುಳಿನಿಂದ ಜೊಲ್ಲಿನ ಗ್ರಂಥಿಗೆ ಸಾಗಿ, ಕೀಟದ ಜೀವಕೋಶಗಳಲ್ಲೇ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಅಂದರೆ ಗಿಡದಂತೆಯೇ ಕೀಟಕ್ಕೂ ಸೋಂಕು ತಗುಲಿರುತ್ತದೆ.

ಆ ಸೋಂಕಿನಿಂದ ಅದರ ಊಟದ ಕ್ರಮವೇ ಬದಲಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೋಂಕಿತ ಗಂಡು ಥ್ರಿಪ್ಸ್ ರಸ ಹೀರದೆ ಬರೀ ಚುಚ್ಚಿ ಜೊಲ್ಲು ಬಿಡುವುದು ಸುಮಾರು ಮೂರು ಪಟ್ಟು ಹೆಚ್ಚು. ಕೋಶವನ್ನು ಪೂರ್ತಿ ಹೀರಿದರೆ ಅದು ಸಾಯುತ್ತದೆ. ಸತ್ತ ಕೋಶದಲ್ಲಿ ವೈರಸ್ ಬೆಳೆಯಲಾರದು. ಹೀಗೆ ಜೀವ ಉಳಿಸಿ ಜೊಲ್ಲು ಸುರಿಸಿದ ಪ್ರತಿ ಕೋಶವೂ ವೈರಸ್‌ಗೆ ತೆರೆದ ಬಾಗಿಲು. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಹತ್ತಲಿಲ್ಲ.

ಬಾರ್ಲಿ, ಗೋಧಿಯ ಹಳದಿ ಕುಬ್ಜ ರೋಗ ಹರಡುವ ಗಿಡಹೇನಿನ ಕಥೆಯೂ ಇಷ್ಟೇ ವಿಚಿತ್ರ. ವೈರಸ್ ಇಲ್ಲದ ಹೇನು ರೋಗದ ಗಿಡವನ್ನು ಹುಡುಕಿಕೊಂಡು ಹೋಗುತ್ತದೆ, ವೈರಸ್ ಹೊತ್ತದ್ದು ಆರೋಗ್ಯವಂತ ಗಿಡವನ್ನು ಆರಿಸಿಕೊಳ್ಳುತ್ತದೆ. ರೋಗದ ಗಿಡದ ಮೇಲೆ ಬಿಡದೆ, ಬರೀ ವೈರಸ್ ಕಲಸಿದ ಕೃತಕ ದ್ರವ ಕುಡಿಸಿದರೂ ಆಯ್ಕೆ ಹೀಗೇ ತಿರುಗಿತು. ಗಿಡದ ರುಚಿಯದಲ್ಲ, ಒಳಹೊಕ್ಕ ವೈರಸ್‌ನದೇ ಕೈವಾಡ ಎಂದು ನಂಬಲು ನನಗೆ ಅಷ್ಟು ಸಾಕು.

ಇನ್ನು ನಿಮ್ಮ ಬಿಳಿ ನೊಣ. ಟೊಮೆಟೊ ಎಲೆ ಹಳದಿಯಾಗಿ ಮುದುರಿಸುವ ವೈರಸ್ ಹೊತ್ತ ಹೆಣ್ಣು ನೊಣದ ಆಯಸ್ಸು ಸುಮಾರು ಐದನೇ ಒಂದು ಭಾಗ ಕುಗ್ಗಿತೆಂದೂ ಮೊಟ್ಟೆಗಳು ಅರ್ಧದಷ್ಟು ಕಡಿಮೆಯಾದವೆಂದೂ ಇಸ್ರೇಲಿನ ವಿಜ್ಞಾನಿಗಳು 1997ರಲ್ಲಿ ತೋರಿಸಿದರು. ನಿಮ್ಮ ಊಹೆ ಇಲ್ಲಿಯವರೆಗೆ ಸರಿ. ಆದರೆ ಚೀನಾದಲ್ಲಿ ಅದೇ ಗುಂಪಿನ ವೈರಸ್ ತಗುಲಿದ ತಂಬಾಕಿನ ಮೇಲೆ ಬಿಳಿ ನೊಣ ಆರೋಗ್ಯವಂತ ಗಿಡದ ಮೇಲಿಗಿಂತ ಹಲವು ಪಟ್ಟು ಹೆಚ್ಚು ಮೊಟ್ಟೆಯಿಟ್ಟಿತು, ಹೆಚ್ಚು ದಿನ ಬದುಕಿತು. ಅಲ್ಲಿ ವೈರಸ್ ಗಿಡದ ರಕ್ಷಣಾ ಶಕ್ತಿಯನ್ನೇ ಕುಂದಿಸಿ ನೊಣಕ್ಕೆ ಹಾದಿ ಮಾಡಿಕೊಟ್ಟಿತ್ತು. ಒಂದು ಬೆಳೆಯಲ್ಲಿ ಕಂಡದ್ದನ್ನು ಇನ್ನೊಂದಕ್ಕೆ ಅನ್ವಯಿಸುವಂತಿಲ್ಲ.

ಆಯಸ್ಸು ಕುಗ್ಗಿದ ನೊಣಕ್ಕೂ ಕೈಯಲ್ಲಿ ಸಾಕಷ್ಟು ದಿನಗಳಿರುತ್ತವೆ, ಹೊಸ ಗಿಡಕ್ಕೆ ರೋಗ ದಾಟಿಸಲು ಅರ್ಧ ಗಂಟೆ ಹೀರಿದರೂ ಸಾಕು. ಅದು ತಾನಾಗಿ ಸಾಯಲೆಂದು ಕಾಯಬೇಡಿ. ಬಿತ್ತಿದ ದಿನವೇ ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಕಟ್ಟಿ.