ರೋಹಿಣಿ ಮಳೆ ಟೈಮಲ್ಲಿ ರೋಹಿಣಿ ನಕ್ಷತ್ರ ಯಾಕೆ ಕಾಣಲ್ಲ?

ಗದಗದಲ್ಲಿ ರೋಹಿಣಿ ಮಳೆ ಬರುವಾಗ ಆಕಾಶದಲ್ಲಿ ರೋಹಿಣಿ ಯಾಕೆ ಸಿಗಲ್ಲ ಅಂತ ಕೇಳಿದ್ದೀರಿ. ಸುಮ್ನೆ ಮೋಡವನ್ನು ಬೈಯಬೇಡಿ! ಮಳೆ ನಕ್ಷತ್ರದ ಲೆಕ್ಕ ಸೂರ್ಯನದು. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಯ ಭಾಗಕ್ಕೆ ಬರುತ್ತಾನೆ, ಜೂನ್ 8ರ ಹೊತ್ತಿಗೆ ಮಿರಗ, ಅಂದ್ರೆ ಮೃಗಶಿರ ಮಳೆ ಶುರು. ಅಷ್ಟು ದಿನ ರೋಹಿಣಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ, ಹಗಲಲ್ಲಿ ಕಾಣೋದು ಹೇಗೆ? ಪಂಚಾಂಗದಲ್ಲಿ ದಿನಾ ಬದಲಾಗುವ ನಕ್ಷತ್ರ ಚಂದ್ರನದು, ಅದು ಬೇರೆ.

ನೋಡಲೇಬೇಕು ಅಂದ್ರೆ ಜನವರಿ ಒಳ್ಳೆಯದು. ತಿಂಗಳ ನಡುವೆ ರಾತ್ರಿ ಒಂಬತ್ತೂವರೆಗೆ ಮಾಳಿಗೆ ಹತ್ತಿ. ಆಗ್ನೇಯದ ಕಡೆ ಸಾಲಾಗಿ ಮೂರು ಚುಕ್ಕಿ ಕಾಣುತ್ತವೆ. ಆ ಸಾಲನ್ನೇ ಮೇಲಕ್ಕೆ, ವಾಯವ್ಯಕ್ಕೆ ಎಳೆದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ಚುಕ್ಕಿ. ಅದೇ ರೋಹಿಣಿ, ಇಂಗ್ಲಿಷಿನವರ ಅಲ್ಡೆಬರನ್. ಹುಬ್ಬಳ್ಳಿಯ ಲೈಟಿನಲ್ಲೂ ಕಾಣುತ್ತದೆ. ಪಕ್ಕದ ಸಣ್ಣ ಚುಕ್ಕಿಗಳು ಬಂಡಿಯ ಮೂಕಿಯ ಹಾಗೆ ಕೂಡಿವೆ, ಹಿಂದಿನವರು ರೋಹಿಣಿಯನ್ನು ಬಂಡಿ ಅಂದದ್ದು ಅದಕ್ಕೇ. ಮಜಾ ಏನಂದ್ರೆ ರೋಹಿಣಿ ಆ ಗುಂಪಿಗೆ ಸೇರಿದ್ದೇ ಅಲ್ಲ. ಅದು ಸುಮಾರು 65 ಜ್ಯೋತಿರ್ವರ್ಷ ದೂರ, ಗುಂಪು ಸುಮಾರು 150. ಹುಣ್ಣಿಮೆ ಆಸುಪಾಸು ಬಿಟ್ಟು ನೋಡಿ, ಇಲ್ಲದಿದ್ದರೆ ಸಣ್ಣವು ಸಿಗಲ್ಲ.